ದರ್ಜಿ ಅಳೆದ ಕೋಣೆ

ದೂರದೂರದವರೊಡನೆ ರೇಡಿಯೋದಲ್ಲಿ ಮಾತಾಡುವ ಹವ್ಯಾಸಿಗಳ ಹ್ಯಾಮ್ ರೇಡಿಯೋ ಕ್ಲಬ್ಬಿನ ಸಂಸಾರವೆಲ್ಲ ವರ್ಷಗಳಿಂದ ದರ್ಜಿಯ ಅಡುಗೆಮನೆಯಲ್ಲೇ ನಡೆದಿತ್ತು. ಒಲೆಯ ಪಕ್ಕ ಬ್ಯಾಟರಿ, ಕಿಟಕಿಯಲ್ಲಿ ಆಂಟೆನಾದ ವೈರು.

"ಇವತ್ತು ಬೇರೆ ಜಾಗ ಆಗ್ಲಿಲ್ಲ ಅಂದ್ರೆ ಎಲ್ಲಾನೂ ಬೀದಿಗೆ ಎಸೀತೀನಿ," ಎಂದು ಗುಡುಗಿದ ಹೆಂಡತಿ, ಕ್ಲಬ್ಬಿಗೆ ಬಾಡಿಗೆ ಕೋಣೆ ನೋಡಲು ತಾನೂ ಬೆನ್ನಿಗೇ ಬಂದಿದ್ದಳು.

ಕೋಣೆ ವಿಶಾಲವಾಗಿತ್ತು. ಮೇಜು, ಕುರ್ಚಿ, ಬ್ಯಾಟರಿಯ ಕಪಾಟಿಗೆಂದು ದರ್ಜಿ ಖುಷಿಯಲ್ಲಿ ನೆಲದ ಮೇಲೆ ಸೀಮೆಸುಣ್ಣದ ಗೆರೆಯನ್ನೂ ಎಳೆದುಬಿಟ್ಟ. ಅಲ್ಲಿ ರೇಡಿಯೋ ಕೇಳುತ್ತದೆಯೇ ಎಂದು ಕಿವಿಯಿಂದ ಅಳೆಯುವುದನ್ನೇ ಮರೆತಿದ್ದ. ಕೋಣೆಯ ಮಾಲೀಕ ಬೀಗದ ಕೈ ಕೊಡಲು ಬಂದಾಗ ನೆನಪಾಗಿ, ಜೇಬಿನ ಪುಟ್ಟ ರೇಡಿಯೋ ಹಚ್ಚಿದ.

ಗೋಡೆಯಾಚೆ ಲಿಫ್ಟ್ ಏರಿತು. ಅದರ ಮೋಟಾರಿನ ವಿದ್ಯುತ್ ಗದ್ದಲಕ್ಕೆ ಜೇನುಗೂಡಿಗೆ ಕಲ್ಲು ಬಿದ್ದಂತೆ ರೇಡಿಯೋ ಮೊರೆಯಿತು; ದೂರದ ದನಿಗಳೆಲ್ಲ ಮುಳುಗಿಹೋದವು. ಬೇಡ ಎಂದರೆ ಮನೆ ರಣರಂಗ, ಹೂಂ ಎಂದರೆ ಕ್ಲಬ್ಬು ಕಿವುಡು.

"ತಗೊಳ್ತೀರೋ ಇಲ್ವೋ?" ಮಾಲೀಕ ರೇಗಿದ.

ಹೆಂಡತಿ ರೇಡಿಯೋ ಕಸಿದು ಕಿವಿಗೆ ಹಿಡಿದಳು. ಹುಬ್ಬು ಗಂಟಿಕ್ಕಿತು.

"ನಿಮ್ಮ ಬೀಗದ ಕೈ ನೀವೇ ಇಟ್ಕೊಳ್ಳಿ," ಎಂದಳು ಮಾಲೀಕನಿಗೆ. ಗಂಡನತ್ತ ತಿರುಗಿ, "ನಡೀರಿ ಮನೆಗೆ. ದಿನಾ ನಮ್ಮ ಜೊತೆ ಮಾತಾಡೋ ದ್ವೀಪದ ಅಜ್ಜ ರೇಡಿಯೋದಲ್ಲಿ ಬರೋ ಹೊತ್ತಾಯ್ತು. ಅವ್ರ ಕೆಮ್ಮು ವಾಸಿಯಾಯ್ತೋ ಇಲ್ವೋ ಕೇಳ್ಬೇಡ್ವಾ?"