ಗಂಡಿನ ಕಡೆಯ ಹಾಡು ಮಾತ್ರ

ನಾನು ಸುಮ್ಮನಿದ್ದಿದ್ದರೆ ಅವಳು ನಮ್ಮ ಮನೆಯ ಮೆಟ್ಟಿಲು ಹತ್ತುತ್ತಿರಲಿಲ್ಲ.

ನಾನು ಕಮ್ಮನಹಳ್ಳಿಯ ಒಂದು ಶಾಲೆಯಲ್ಲಿ ಕನ್ನಡ ಟೀಚರ್. ನಮ್ಮಲ್ಲಿ ನಾಟಕ ಕಲಿಸುವವರು ಒಂದು ದಿನ ಸ್ಟಾಫ್ ರೂಮಿಗೆ ಅತಿಥಿಯೊಬ್ಬಳನ್ನು ಕರೆತಂದರು. ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದವಳು, ಹಾಡುಗಾರ್ತಿ, ನಟಿ, ವಯಸ್ಸು ಮೂವತ್ತರ ಆಸುಪಾಸು. ಅವಳ ನಾನಿ, ಅಂದರೆ ತಾಯಿಯ ತಾಯಿ, ಶಿವಾಜಿನಗರದವರಂತೆ, ನಮ್ಮ ಮನೆಯಿರುವುದೂ ಅಲ್ಲೇ. ಇಲ್ಲಿಯ ಮುಸ್ಲಿಂ ಮನೆಗಳ ಹಳೆಯ ಮದುವೆ ಹಾಡುಗಳನ್ನು ಕಲಿತು, ಈಗಿನ ಜನ ಕೂತು ನೋಡುವಂಥ ಪ್ರಯೋಗವೊಂದನ್ನು ಕಟ್ಟುತ್ತೇನೆ ಎಂದಳು. ಢೋಲಕ್ ಇಟ್ಟುಕೊಂಡು ಹಾಡುವವರು ಯಾರಾದರೂ ಇದ್ದಾರಾ ಎಂದು ಕೇಳಿದಾಗ, 'ನಮ್ಮಮ್ಮಿ ಹಾಡ್ತಾರೆ' ಎಂದುಬಿಟ್ಟೆ. ಹೇಳಿದ ಮರುಕ್ಷಣವೇ ಅವಳ ಕಣ್ಣು ಹೊಳೆದ ರೀತಿ ನನಗೆ ಹಿಡಿಸಲಿಲ್ಲ.

ಆ ಹಾಡುಗಳ ವಿಷಯ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಮದುವೆಯ ಹಿಂದಿನ ದಿನ ಹೆಂಗಸರು ಎರಡು ಗುಂಪಾಗಿ ಎದುರು ಬದುರು ಕೂರುತ್ತಿದ್ದರು. ಗಂಡಿನ ಕಡೆಯವರು ಹೆಣ್ಣಿನ ತಾಯಿಯನ್ನು ಹಂಗಿಸಿ ಹಾಡುವುದು, ಹೆಣ್ಣಿನ ಕಡೆಯವರು ಅದಕ್ಕೆ ತಕ್ಕ ಜವಾಬು ಕೊಡುವುದು. ಬೀಗಿತ್ತಿಗೆ ನಾವು ಸಮ್‌ಧನ್ ಎನ್ನುತ್ತೇವೆ. ಅವಳ ಮೂಗು, ನಡಿಗೆ, ಹೊಟ್ಟೆಬಾಕತನ, ಯಾವುದನ್ನೂ ಬಿಡುತ್ತಿರಲಿಲ್ಲ. ಹೆಂಗಸರು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಜವಾಬು ಕೊಡಲಾಗದೆ ತಡವರಿಸಿದ ಪಕ್ಷ ಮದುವೆ ಮುಗಿಯುವವರೆಗೂ ತಲೆ ತಗ್ಗಿಸಬೇಕು. ಅಮ್ಮಿ ಹೆಣ್ಣಿನ ಕಡೆಯ ಹಾಡಿಗೆ ಹೆಸರಾದವಳು. ಹಲಸೂರಿನಿಂದಲೂ ಅವಳನ್ನು ಕರೆಯಲು ಬರುತ್ತಿದ್ದರು. ಆಮೇಲೆ ಮದುವೆ ಹಾಲ್‌ಗಳಿಗೆ ಡಿಜೆ ಬಂತು. ನಮ್ಮ ಮಾಮು, ಅಂದರೆ ಅಮ್ಮಿಯ ಅಣ್ಣ, ವಯಸ್ಸಾದ ಹೆಂಗಸಿಗೆ ಈ ಢೋಲಕ್ ಶೋಭೆಯಲ್ಲ ಎಂದರು. ಢೋಲಕ್ ಹಳೆಯ ಬೆಡ್‌ಶೀಟ್ ಸುತ್ತಿಕೊಂಡು ಸಜ್ಜಾ ಸೇರಿತು.

ಅವಳು ಮೊದಲ ಸಲ ಬಂದಾಗ ಅಮ್ಮಿ ದಿವಾನಿನ ಮೇಲೆ ಕಾಲು ಚಾಚಿ, ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ನಮ್ಮ ಮನೆಮಾತು ದಖನಿ. ಅವರಿಬ್ಬರೂ ಆಡಿದ್ದು ಅದರಲ್ಲೇ, ನಾನದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆ ಹುಡುಗಿಯ ದಖನಿ ವಿಚಿತ್ರವಾಗಿತ್ತು. ಇಂಗ್ಲಿಷಿನ ಎಳೆತದ ನಡುವೆ ಈಗ ಯಾರೂ ಬಳಸದ ಮಾತುಗಳು ಬರುತ್ತಿದ್ದವು, ಸತ್ತುಹೋದ ನಮ್ಮ ದಾದಿಯೇ, ಅಂದರೆ ಅಪ್ಪನ ತಾಯಿಯೇ, ಮಾತಾಡಿದ ಹಾಗೆ. ಎಲ್ಲಾದರೂ ಕೂತು ಅಭ್ಯಾಸ ಮಾಡಿಕೊಂಡು ಬಂದಿದ್ದಾಳೆ ಎನಿಸಿತು.

'ಹಾಡು ಯಾಕ್ ಬೇಕು ನಿಂಗೆ?' ಎಂದಳು ಅಮ್ಮಿ.

'ಸ್ಟೇಜ್ ಮೇಲೆ ಹಾಡ್ಬೇಕು ಖಾಲಾ.'

'ಗಂಡಸ್ರೂ ಇರ್ತಾರಾ?'

'ಇರ್ತಾರೆ.'

ಅಮ್ಮಿ ಎಣ್ಣೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. ನಾನು ನಡುವೆ ಬಾಯಿ ಹಾಕಿದೆ. 'ರೆಕಾರ್ಡ್ ಮಾಡೋ ಹಾಗಿಲ್ಲ. ಫೋಟೋನೂ ಬೇಡ.'

'ಆಯ್ತು ಬಾಜಿ, ಮಾಡಲ್ಲ.'

ಅಮ್ಮಿಗೆ ಖಾಲಾ ಅಂದರೆ ಚಿಕ್ಕಮ್ಮ, ನನಗೆ ಬಾಜಿ ಅಂದರೆ ಅಕ್ಕ ಎನ್ನುತ್ತಾ, ಒಂದು ಚೂರೂ ಚೌಕಾಸಿ ಮಾಡದೆ ಒಪ್ಪಿಕೊಂಡಳು. ಅಷ್ಟು ಬೇಗ ಒಪ್ಪುವವರನ್ನು ನಾನು ನಂಬುವುದಿಲ್ಲ. ಅಮ್ಮಿಯೂ ನಂಬಲಿಲ್ಲವೋ ಏನೋ, ಅವಳ ಫೋನನ್ನೂ ಕೈಗಡಿಯಾರವನ್ನೂ ಈಸಿಕೊಂಡು ಅಡುಗೆಮನೆಯ ಅಕ್ಕಿ ಡಬ್ಬದೊಳಗಿಟ್ಟು ಮುಚ್ಚಳ ಹಾಕಿಸಿದಳು. ಆಮೇಲೆ ನನ್ನ ಕಡೆ ತಿರುಗಿ, 'ಢೋಲಕ್ ಇಳಿಸು' ಎಂದಳು.

ನಾನು ದಂಗಾದೆ. ಅದನ್ನು ಇಳಿಸಿ ಎಷ್ಟೋ ವರ್ಷವಾಗಿತ್ತು.

ಅಂದಿನಿಂದ ಅವಳು ಮಧ್ಯಾಹ್ನಗಳಲ್ಲಿ ಬರತೊಡಗಿದಳು. ನಾನು ಶಾಲೆಯಿಂದ ಬರುವಷ್ಟರಲ್ಲಿ ಕೆಳಗಿನ ಸ್ಪೇರ್ ಪಾರ್ಟ್ಸ್ ಅಂಗಡಿಯ ಗಲಾಟೆಯ ಮೇಲೆ ಢೋಲಕ್ಕಿನ ಸದ್ದು ತೇಲಿ ಬರುತ್ತಿತ್ತು. ಅಮ್ಮಿ ಚಮಚದಿಂದ ಢೋಲಕ್ಕಿನ ಮರಕ್ಕೆ ತಾಳ ಹಾಕುತ್ತಿದ್ದಳು. ಆ ಹುಡುಗಿ ಬಾರಿಸುತ್ತಿದ್ದಳು. ಹಿಂದಿನ ದಿನ ಹೇಳಿಕೊಟ್ಟದ್ದನ್ನು ಮರುದಿನ ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದಳು. ಬರೆದುಕೊಳ್ಳುವುದಿಲ್ಲ, ರೆಕಾರ್ಡ್ ಇಲ್ಲ, ಇದು ಹೇಗೆ ಸಾಧ್ಯ? ಒಮ್ಮೆ ಅವಳು ಬಚ್ಚಲಿಗೆ ಹೋದಾಗ ಬಾಗಿಲ ಬಳಿಯಿದ್ದ ಅವಳ ಚೀಲವನ್ನು ಕಾಲಲ್ಲಿ ಸರಿಸಿ ನೋಡಿದೆ. ನೀರಿನ ಬಾಟಲಿ, ಗಂಟಲಿಗೆ ಚೀಪುವ ಮಾತ್ರೆ, ಒಂದು ಸ್ಕಾರ್ಫ್. ಅಷ್ಟೇ. ಅದರಿಂದ ನನಗೆ ಸಮಾಧಾನವಾಗುವ ಬದಲು ಕಿರಿಕಿರಿಯೇ ಹೆಚ್ಚಾಯಿತು.

ಸ್ಟಾಫ್ ರೂಮಿನಲ್ಲಿ ಕೂತು ಅವಳ ಹಿಂದಿನ ಪ್ರಯೋಗಗಳನ್ನು ಫೋನಿನಲ್ಲಿ ಹುಡುಕಿದೆ. ಒಂದರಲ್ಲಿ ಅವಳು ಗುಜರಾತಿನ ಯಾವುದೋ ಹಳ್ಳಿಯ ಲಾಲಿಹಾಡನ್ನು ಕಂಪ್ಯೂಟರಿನ ಸದ್ದುಗಳ ಜೊತೆ ಬೆರೆಸಿ ಹಾಡುತ್ತಿದ್ದಳು. ಚೆನ್ನಾಗಿತ್ತು, ಸುಳ್ಳು ಹೇಳಲಾರೆ. ಕೊನೆಯಲ್ಲಿ ಬೆಳಕಿನವರ, ಬಟ್ಟೆಯವರ ಹೆಸರೆಲ್ಲ ಬಂತು. ಹಾಡು ಕೊಟ್ಟವರು 'ಹಳ್ಳಿಯ ಒಬ್ಬ ಹಿರಿಯ ಹೆಂಗಸು' ಎಂದಷ್ಟೇ ಇತ್ತು.

ಅವತ್ತು ಸಂಜೆ ಮೆಟ್ಟಿಲ ಮೇಲೆ ಅವಳನ್ನು ತಡೆದೆ.

'ಆ ಅಜ್ಜಿ ಹೆಸರು ಯಾಕ್ ಹಾಕಿಲ್ಲ?'

ಯಾವ ಅಜ್ಜಿ ಎಂದು ಅವಳು ಕೇಳಲಿಲ್ಲ. 'ಅವರೇ ಬೇಡ ಅಂದ್ರು, ಬಾಜಿ. ಮನೇಲಿ ಗಲಾಟೆ ಆಗುತ್ತೆ ಅಂದ್ರು.'

'ಅಂತ ನೀವ್ ಹೇಳ್ತಿದೀರ.'

'ಹೌದು, ನಾನ್ ಹೇಳ್ತಿದೀನಿ. ನನ್ ಹತ್ರ ಸಾಕ್ಷಿ ಇಲ್ಲ.'

ಹೇಳಿ ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದಳು. ಮರುದಿನ ಬರುವುದಿಲ್ಲ ಎಂದುಕೊಂಡೆ. ಬಂದಳು, ನನಗೆ ಸಲಾಂ ಹೇಳಿ ಒಳಗೆ ಹೋದಳು.

ಪ್ರಯೋಗ ಇಂದಿರಾನಗರದ ಒಂದು ಸಣ್ಣ ರಂಗಮಂದಿರದಲ್ಲಿತ್ತು. ಅವಳು ನನಗೆ ಫೋನ್ ಮಾಡಿ, 'ಖಾಲಾಗೆ ಮಂಡಿ ನೋವಲ್ವಾ, ದಾರಿ ಪಕ್ಕದ ಸೀಟೇ ಇಟ್ಟಿದೀನಿ, ಎದ್ದೇಳೋಕೆ ಸುಲಭ' ಎಂದಳು. ಒಳ್ಳೆಯ ಮಾತೇ. ಆದರೂ ಎದ್ದೇಳುವ ಮಾತು ಅವಳಿಗೆ ಯಾಕೆ ಎಂದು ನನಗೆ ಅನ್ನಿಸಿತ್ತು.

ಆಟೋ ಹಲಸೂರು ಕೆರೆ ದಾಟುವಾಗ ಅಮ್ಮಿ ದುಪಟ್ಟಾ ಅಡ್ಡ ಹಿಡಿದು ನಗತೊಡಗಿದಳು.

'ಏನಾಯ್ತು?' ಎಂದೆ.

'ನಾನು ಅವಳಿಗೆ ಪೂರ್ತಿ ಕೊಟ್ಟಿಲ್ಲ. ಗಂಡಿನ ಕಡೆ ಹಾಡು ಮಾತ್ರ ಕಲಿಸಿದೀನಿ. ಜವಾಬು ಒಂದೂ ಹೇಳಿಕೊಟ್ಟಿಲ್ಲ.'

'ಯಾಕಮ್ಮಿ?'

'ಜವಾಬು ನಂದು' ಎಂದಳು ಅಮ್ಮಿ. 'ಎಲ್ಲಿಂದಲೋ ಬಂದೋಳು. ಅರ್ಧ ಕೊಟ್ಟು ನೋಡೋಣ ಅಂದ್ಕೊಂಡೆ.'

ನನಗಾದ ಖುಷಿ ಅಷ್ಟಿಷ್ಟಲ್ಲ. ಮನೆಯಲ್ಲಿ ಅವಳನ್ನು ಅನುಮಾನಿಸುತ್ತಿದ್ದವಳು ನಾನೊಬ್ಬಳೇ ಅಲ್ಲ.

ಒಳಗೆ ಕುರ್ಚಿಗಳನ್ನು ಎದುರು ಬದುರಾಗಿ ಎರಡು ಪಾಲು ಮಾಡಿ, ನಡುವೆ ಜಾಗ ಬಿಟ್ಟಿದ್ದರು. ಒಂದು ಪಾಲು ಗಂಡಿನ ಕಡೆ, ಇನ್ನೊಂದು ಹೆಣ್ಣಿನ ಕಡೆ ಎಂದು ಬಾಗಿಲಲ್ಲಿದ್ದವರು ಹೇಳಿ ಕೂರಿಸಿದರು. ನಮ್ಮನ್ನು ಕೂರಿಸಿದ್ದು ಹೆಣ್ಣಿನ ಕಡೆ. ಸುತ್ತ ಐಟಿ ಕಂಪನಿಗಳ ಹುಡುಗ ಹುಡುಗಿಯರು, ಲಿನನ್ ಕುರ್ತಾದ ಗಂಡಸರು. ಅವಳು ಸಾದಾ ಕಪ್ಪು ಬಟ್ಟೆಯಲ್ಲಿ ಬಂದು ನಡುವೆ ಕೂತು ಢೋಲಕ್ ಎತ್ತಿಕೊಂಡಳು. ಹೇಳಿದ್ದು ತನ್ನ ನಾನಿಯ ಕತೆ: ಮದುವೆ, ಹಡಗು, ಚಳಿಯ ಊರು, ಅಲ್ಲಿ ಹಾಡಲು ಎದುರು ಪಕ್ಷವೇ ಇಲ್ಲದೆ ಅಡುಗೆಮನೆಯಲ್ಲಿ ಒಬ್ಬಳೇ ಹಾಡಿಕೊಳ್ಳುತ್ತಿದ್ದ ನಾನಿ. ಮಾತು ಇಂಗ್ಲಿಷ್, ಹಾಡು ದಖನಿ, ಹಿಂದಿನ ಪರದೆಯ ಮೇಲೆ ಅದರ ಅರ್ಥ. ನಾನು ಕೈಕಟ್ಟಿಕೊಂಡು ನೋಡುತ್ತಿದ್ದೆ. ಆಮೇಲೆ ಅವಳು ನೇರ ನಮ್ಮ ಸಾಲಿನ ಕಡೆ ತಿರುಗಿ ಅಮ್ಮಿ ಕಲಿಸಿದ ಹಾಡು ಎತ್ತಿದಳು:

ಬಂದಳು ನೋಡಿ ನಮ್ಮ ಸಮ್‌ಧನ್, ಬೆಕ್ಕಿನ ಹೆಜ್ಜೆ ಇಟ್ಕೊಂಡು,
ಖೋರ್ಮಾ ಹಂಡೆ ಎಲ್ಲಿದೆ ಅಂತ ಮೂಗಲ್ಲೇ ಹುಡುಕ್ಕೊಂಡು!

ಹಾಡಿ ನಿಲ್ಲಿಸಿದಳು. ಢೋಲಕ್ ಮಾತ್ರ ನಡೆಯುತ್ತಿತ್ತು. ಗಲ್ಲ ಮುಂದೆ ಮಾಡಿ ಹೆಣ್ಣಿನ ಕಡೆಯನ್ನೇ ನೋಡಿದಳು. ಜನ ಮೆಲ್ಲಗೆ ನಕ್ಕರು, ಒಬ್ಬಿಬ್ಬರು ಚಪ್ಪಾಳೆ ತಟ್ಟಿದರು. ಅವಳು ಅದನ್ನೇ ಮತ್ತೆ ಹಾಡಿದಳು, ಮತ್ತೆ ನಿಲ್ಲಿಸಿದಳು. ಯಾರೂ ತುಟಿ ಬಿಚ್ಚಲಿಲ್ಲ.

ಅಮ್ಮಿಯ ಉಸಿರು ಜೋರಾದದ್ದು ನನಗೆ ಕೇಳಿಸಿತು. 'ಇಷ್ಟ್ ಜನ ಇದಾರೆ, ಒಬ್ರಿಗಾದ್ರೂ ಬಾಯಿಲ್ವಾ?' ಎಂದಳು. ನಾನು ಅವಳ ಕೈ ಹಿಡಿದೆ. ಕೊಡವಿಕೊಂಡು, ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತಳು.

ಬೆಕ್ಕೇ ಸೈ ಕಣಮ್ಮ ನಾನು, ಹಾಲು ಕುಡ್ಕೊಂಡ್ ಹೋಗ್ತೀನಿ,
ನಿಮ್ಮನೆ ಹಂಡೇಲಿ ಇಲಿ ಕುಣೀತೈತೆ, ಅದನ್ನೂ ಹಿಡ್ಕೊಂಡ್ ಹೋಗ್ತೀನಿ!

ವಯಸ್ಸಾದ ಗಂಟಲು ಒಂದು ಕಡೆ ಒಡೆಯಿತು, ತಾಳ ಒಡೆಯಲಿಲ್ಲ. ಅಮ್ಮಿ ದಖನಿಯಲ್ಲಿ ಹಾಡಿದ್ದರ ಅರ್ಥ ಪರದೆಯ ಮೇಲೆ ಬರಲಿಲ್ಲ, ಆದರೂ ಇಡೀ ಹೆಣ್ಣಿನ ಕಡೆ ಹೋ ಎಂದು ಕೂಗಿತು. ಆ ಹುಡುಗಿ ಇನ್ನೊಂದು ಹಾಡು ಎಸೆದಳು, ಅಮ್ಮಿ ಅದಕ್ಕೂ ಜವಾಬು ಕೊಟ್ಟಳು. ಗಂಡಿನ ಕಡೆ ಕೂತಿದ್ದ ಲಿನನ್ ಕುರ್ತಾಗಳೂ ಕುರ್ಚಿಯ ಕೈ ಬಡಿಯತೊಡಗಿದವು. ಎಲ್ಲರೂ ಇದು ಮೊದಲೇ ಗೊತ್ತುಮಾಡಿದ್ದ ಭಾಗ ಎಂದುಕೊಂಡಿದ್ದರು. ನಾನು ನೋಡುತ್ತಿದ್ದದ್ದು ಬೇರೆ. ಅಮ್ಮಿ ಎದ್ದ ಕೂಡಲೇ ನಮ್ಮ ಮೇಲೆ ಒಂದು ದೀಪ ಬಿದ್ದಿತ್ತು.

ಶೋ ಮುಗಿದ ಮೇಲೆ ಹಿಂದಿನ ಅಂಗಳದಲ್ಲಿ ಅವಳನ್ನು ಹಿಡಿದೆ.

'ಆ ದೀಪ ಹೇಗ್ ಬಂತು?'

ಅವಳು ಬೆವರು ಒರೆಸಿಕೊಂಡಳು. 'ಇಟ್ಟಿದ್ದೆ ಬಾಜಿ. ಎದ್ರೆ ಹಾಕಿ ಅಂತ ಹೇಳಿದ್ದೆ. ಎದ್ದೇ ಏಳ್ತಾರೆ ಅಂತೇನೂ ಗೊತ್ತಿರ್ಲಿಲ್ಲ.'

'ಅಂದ್ರೆ ಅಮ್ಮಿ ಅರ್ಧ ಮಾತ್ರ ಕಲಿಸಿದ್ದು...'

'ಗೊತ್ತಿತ್ತು. ನಮ್ ನಾನಿ ಹೆಣ್ಣಿನ ಕಡೆ ಹಾಡ್ತಿದ್ದೋರು. ಜವಾಬು ಇರುತ್ತೆ ಅಂತ ನಂಗೊತ್ತಿಲ್ವಾ? ದಿನಾ ಕಾದೆ, ಖಾಲಾ ಹೇಳ್ಕೊಡ್ಲಿಲ್ಲ. ಅದಕ್ಕೇ ಆ ಜಾಗ ಖಾಲಿ ಬಿಟ್ಟೆ.'

'ಕೇಳದೆ ನಮ್ಮಮ್ಮನ್ನ ಸ್ಟೇಜ್ ಹತ್ತಿಸಿದ್ರಿ.'

'ಕೇಳಿದ್ರೆ ಬರ್ತಿದ್ರಾ?'

ನನಗೆ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಅಷ್ಟರಲ್ಲಿ ಅಮ್ಮಿ ಯಾರದೋ ಕೈ ಹಿಡಿದುಕೊಂಡು ಕುಂಟುತ್ತಾ ಬಂದಳು. ಮುಖ ಕೆಂಪಾಗಿತ್ತು. ಅಷ್ಟು ಖುಷಿಯಾಗಿ ಅವಳನ್ನು ನಾನು ಅಬ್ಬಾ ತೀರಿಕೊಂಡ ಮೇಲೆ ನೋಡಿರಲಿಲ್ಲ.

ನೋಡುತ್ತಿದ್ದವರಲ್ಲಿ ಯಾರೋ ಅದನ್ನು ಫೋನಿನಲ್ಲಿ ಹಿಡಿದಿದ್ದರು. ಅದು ಕೈಯಿಂದ ಕೈಗೆ ಹೋಗಿ ಮಾಮುವನ್ನು ಮುಟ್ಟಿತು. ಭಾನುವಾರ ಅವರು ಬಂದರು, ಕೂರಲಿಲ್ಲ. 'ಈ ವಯಸ್ಸಲ್ಲಿ, ಗಂಡಸ್ರ ಮುಂದೆ!' ಎಂದರು. ಅಮ್ಮಿ, 'ಅವಳು ಹಂಗಿಸ್ತಿದ್ಲು ಭಾಯ್, ಸುಮ್ನೆ ಇರ್ಲಾ?' ಎಂದಷ್ಟೇ ಹೇಳಿದಳು. ಮಾಮು ಚಹಾ ಮುಟ್ಟದೆ ಹೋದರು. ಆಮೇಲೆ ಅಮ್ಮಿ ಆ ಲೋಟವನ್ನು ಎತ್ತಿಕೊಂಡು ಹೋಗಿ ಚಹಾ ಚೆಲ್ಲಿ ಬಂದಳು. ನನ್ನ ಸಿಟ್ಟು ಮತ್ತೆ ಆ ಹುಡುಗಿಯ ಮೇಲೆ ತಿರುಗಿತು.

ಹೊರಡುವ ಮುಂಚೆ ಅವಳು ವಿದಾಯ ಹೇಳಲು ಬಂದಳು. ಅಮ್ಮಿ, 'ಕೂತ್ಕೋ, ಜವಾಬು ಹೇಳ್ಕೊಡ್ತೀನಿ' ಎಂದಳು.

'ಬೇಡ ಖಾಲಾ. ಅದು ನಿಮ್ದು. ನಾನು ಎಲ್ಲಿ ಹಾಡಿದ್ರೂ ಆ ಜಾಗ ಖಾಲಿ ಬಿಡ್ತೀನಿ.'

'ನಿಮ್ಮೂರಲ್ಲಿ ಯಾರು ಎದ್ದು ಹಾಡ್ತಾರೆ?'

'ಯಾರೂ ಇಲ್ಲ. ಅದಕ್ಕೇ ಖಾಲಿ ಇದ್ರೆ ಚೆನ್ನಾಗಿರುತ್ತೆ.'

ಅಮ್ಮಿ ಚಮಚವನ್ನು ನೆಲಕ್ಕೆ ಕುಕ್ಕಿದಳು. 'ನಕ್ಕೊ, ಬೇಡ! ದೇಶ ದೇಶ ಸುತ್ತಿ ಹೆಣ್ಣಿನ ಕಡೆಯೋರು ಸೋತ್ರು ಅಂತ ಹೇಳ್ಕೊಂಡ್ ಬರ್ತೀಯಾ? ಕೂತ್ಕೋ ಅಂದೆ.'

ಅವಳು ಕೂತಳು. ಕತ್ತಲಾಗುವವರೆಗೂ ಕಲಿತಳು. ಅವಳ ಫೋನು ಅವಳ ಚೀಲದಲ್ಲೇ ಇತ್ತು, ಅವತ್ತು ಅದನ್ನು ಈಸಿಕೊಳ್ಳಲು ಯಾರಿಗೂ ನೆನಪಾಗಲಿಲ್ಲ. ಹೊರಡುವಾಗ ಅಮ್ಮಿಯ ಕೈಯನ್ನು ಕಣ್ಣಿಗೊತ್ತಿಕೊಂಡು ಅತ್ತಳು.

ಅವಳು ಹೋದ ಮೇಲೆ ನನಗೆ ಹೊಳೆಯಿತು. ಬೇಡ ಎಂದು ಹೇಳಿಯೇ ಪೂರ್ತಿ ತೆಗೆದುಕೊಂಡು ಹೋದಳಲ್ಲ! ಅಮ್ಮಿಗೆ ಹೇಳಿದೆ. ಅವಳು ಢೋಲಕ್ಕಿನ ಹಗ್ಗ ಬಿಗಿಮಾಡುತ್ತಾ, 'ಇರಬಹುದು' ಎಂದಳು. ಆಮೇಲೆ, 'ಚೆನ್ನಾಗ್ ಕಲ್ತ್ಲು' ಎಂದಳು.

ಮಾಮು ಈದ್‌ಗೆ ಬಂದು ಊಟ ಮಾಡಿದರು, ಆ ವಿಷಯ ಎತ್ತಲಿಲ್ಲ. ಆ ಹುಡುಗಿ ಈಗಲೂ ಅಮ್ಮಿಗೆ ಫೋನ್ ಮಾಡುತ್ತಾಳೆ. ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಾರೆ, ನಡುನಡುವೆ ಅಮ್ಮಿ ಗಹಗಹಿಸಿ ನಗುತ್ತಾಳೆ. ಮುಂದಿನ ಪ್ರಯೋಗಕ್ಕೆ ಏನೋ ನಡೆಯುತ್ತಿದೆ ಎಂಬ ಗುಮಾನಿ ನನಗೆ. ನಾನು ಒಳಗೆ ಕಾಲಿಟ್ಟರೆ ಸಾಕು, ಅಮ್ಮಿ ದನಿ ಬದಲಿಸಿ, ಇಲ್ಲಿ ಬೆಂಡೆಕಾಯಿ ಬೆಲೆ ಎಷ್ಟಾಗಿದೆ ಎಂದು ಅವಳಿಗೆ ವಿವರಿಸತೊಡಗುತ್ತಾಳೆ.