‘ಚೆನ್ನಾಗಿದ್ದೀನಿ’ ಎಂದರೆ ನಂಬದ ಬೆಳಗಿನಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಯ ಬಾಗಿಲ ಪಕ್ಕ, ಗೋಡೆಗೆ ಒರಗಿಸಿದ ಮರದ ಕುರ್ಚಿಯಲ್ಲಿ ಬೆಳಗಿನಕ್ಕ ಕೂತಿದ್ದಾರೆ. ಎರಡೂ ಕೈಗಳನ್ನು ತೊಡೆಯಡಿ ಸಿಕ್ಕಿಸಿಕೊಂಡಿದ್ದಾರೆ. ಚಳಿ ಏನಿಲ್ಲ. ಬಿಟ್ಟರೆ ಕೈ ತಾನಾಗಿಯೇ ಮುಂದೆ ಹೋಗಿಬಿಡುತ್ತದಂತೆ, ಅದಕ್ಕೆ.

ಎದುರಿಗೆ ಕತ್ತರಿ ಮಾಮ ಅಂಗಿ ಹಾಕಿಕೊಳ್ಳುತ್ತಿದ್ದಾರೆ. ಎಡಗೈಯಿಂದ ಬಲಗೈಯನ್ನು ಎತ್ತಿ, ಮಗುವನ್ನು ತೊಟ್ಟಿಲಿಗೆ ಇಳಿಸುವಷ್ಟು ಜೋಪಾನವಾಗಿ ತೋಳಿನ ಬಾಯಿಗೆ ತರುತ್ತಾರೆ. ಅಂಗಿ ಜಾರಿ ನೆಲಕ್ಕೆ ಬೀಳುತ್ತದೆ. ಬಗ್ಗಿ ಎತ್ತಿಕೊಂಡು ಮತ್ತೆ ಶುರು.

“ಈ ಅಂಗಿಗೆ ನನ್ನ ಮೇಲೆ ಕೋಪ ಕಣಮ್ಮ,” ಎನ್ನುತ್ತಾರೆ. “ಇಸ್ತ್ರಿ ಬಿಸಿ ಜಾಸ್ತಿ ಆಯ್ತು ಅಂತ ಕಾಣುತ್ತೆ.”

ಬೆಳಗಿನಕ್ಕ ನಗುತ್ತಾರೆ, ಏಳುವುದಿಲ್ಲ.

ಕತ್ತರಿ ಮಾಮನಿಗೆ ಬೀದಿಯ ಮೂಲೆಯಲ್ಲಿ ಸಲೂನು. ಎರಡು ಕುರ್ಚಿ, ಒಂದು ಉದ್ದ ಕನ್ನಡಿ. ಎರಡು ವರ್ಷದ ಹಿಂದೆ ರಸ್ತೆ ದಾಟುವಾಗ ಸಾಮಾನು ಸಾಗಿಸುವ ವ್ಯಾನೊಂದು ಗುದ್ದಿತು. ಮೂಳೆ ಕೂಡಿಕೊಂಡಿತು, ಆದರೆ ಬಲಗೈ ಎದೆಮಟ್ಟಕ್ಕೆ ಬಂದು ನಿಂತುಬಿಟ್ಟಿತು. “ಡಾಕ್ಟ್ರು ಕೈ ಎತ್ತಿಬಿಟ್ರು. ಅವ್ರಿಗಾದ್ರೂ ಎತ್ತಕ್ಕೆ ಬಂತಲ್ಲ!” ಎಂಬುದು ಅವರ ಮೆಚ್ಚಿನ ಜೋಕು. ಊರಿಗೆಲ್ಲ ಹೇಳಿ ಸವೆಸಿದ್ದಾರೆ. ಎಡಗೈಗೆ ರೇಜರು ಒಗ್ಗಲಿಲ್ಲ, ಗಿರಾಕಿಯನ್ನು ತಗ್ಗಿನಲ್ಲಿ ಕೂರಿಸಿ ಹೇಗೋ ಕತ್ತರಿಯಷ್ಟೇ ಆಡಿಸುತ್ತಾರೆ.

ಈಗ ಹೆಂಡತಿ ರೇಜರು ಹಿಡಿದು ಬರುತ್ತಾರೆ. ಊರವರ ಗದ್ದ ನುಣುಪು ಮಾಡಿದವರು ಸ್ಟೂಲಿನ ಮೇಲೆ ಕೂತು ತಮ್ಮ ಗದ್ದವನ್ನು ಮುಂದೆ ಚಾಚುತ್ತಾರೆ.

“ಅಲ್ಲಾಡ್ಬೇಡಿ ಅಂದೆ.”

“ನಾನೆಲ್ಲಿ ಅಲ್ಲಾಡಿದೆ? ನಿನ್ನ ಕೈ ಅಲ್ಲಾಡ್ತಿದೆ. ಮೇಲಿಂದ ಕೆಳಗೆ ಎಳಿ. ಅಯ್ಯೋ, ಅದು ಗದ್ದ ಕಣೇ, ಆಲೂಗಡ್ಡೆ ಅಲ್ಲ!”

“ಆಲೂಗಡ್ಡೆ ಇಷ್ಟು ಮಾತಾಡಲ್ಲ.”

ಕೆಳದುಟಿಯ ಹತ್ತಿರ ಸಣ್ಣಗೆ ರಕ್ತ ಜಿನುಗುತ್ತದೆ. ಅವರು ಬೆರಳಿನಿಂದ ಒತ್ತಿಕೊಂಡು, ಬೆಳಗಿನಕ್ಕನ ಕಡೆ ತಿರುಗಿ, ಯಾರೂ ಕೇಳದೆಯೇ ಹೇಳುತ್ತಾರೆ: “ಚೆನ್ನಾಗಿದೀನಿ, ಚೆನ್ನಾಗಿದೀನಿ.”

ಈ ಮಾತಿಗೇ ಬೆಳಗಿನಕ್ಕ ಹೆದರುವುದು. ಇವತ್ತು ಕತ್ತರಿ ಮಾಮ ಕಟಕಟೆ ಹತ್ತಬೇಕು. ಅಲ್ಲಿಯೂ ಹೀಗೆಯೇ ಅಂದುಬಿಟ್ಟರೆ ಪರಿಹಾರ ಹೋಗುತ್ತದೆ, ಕೆಲಸಗಾರನನ್ನು ಇಡಲಾಗದೆ ಅದರ ಹಿಂದೆಯೇ ಸಲೂನೂ ಹೋಗುತ್ತದೆ.

*

ಅಪಘಾತದಲ್ಲಿ ಗಾಯಗೊಂಡವರ ಮೊಕದ್ದಮೆಗಳನ್ನಷ್ಟೇ ನಡೆಸುವ ವಕೀಲರ ಕಚೇರಿಯೊಂದರಲ್ಲಿ ಬೆಳಗಿನಕ್ಕನಿಗೆ ಕೆಲಸ. ಅವರು ವಕೀಲೆಯಲ್ಲ, ಗುಮಾಸ್ತೆಯೂ ಅಲ್ಲ. ಗಾಯಗೊಂಡವರ ಮನೆಗೆ ನಸುಕಿನಲ್ಲಿ ಹೋಗುತ್ತಾರೆ, ಒಂದು ಮೂಲೆ ಹಿಡಿದು ಕೂರುತ್ತಾರೆ, ಆ ಮನೆಯ ಬೆಳಗು ಹೇಗೆ ನಡೆಯುತ್ತದೆಂದು ನೋಡುತ್ತಾರೆ. ಹಾಸಿಗೆಯಿಂದ ಹೇಗೆ ಏಳುತ್ತಾರೆ, ಯಾವ ಗೋಡೆ ಹಿಡಿಯುತ್ತಾರೆ, ಯಾವ ಡಬ್ಬಿಯ ಮುಚ್ಚಳಕ್ಕೆ ಯಾರನ್ನು ಕೂಗುತ್ತಾರೆ. ಕಂಡದ್ದನ್ನು ಕಂಡ ಹಾಗೆ ವಕೀಲರಿಗೆ ಹೇಳುತ್ತಾರೆ. ಕಚೇರಿಯವರು ಇಟ್ಟ ಅಡ್ಡಹೆಸರೇ ‘ಬೆಳಗಿನಕ್ಕ’. ಈಗ ಮನೆಯವರೂ ಹಾಗೆಯೇ ಕರೆಯುತ್ತಾರೆ.

ನೋಡುವಾಗ ಸಹಾಯ ಮಾಡುವಂತಿಲ್ಲ. ಅವರ ಕೆಲಸದ ಕಷ್ಟವೆಲ್ಲ ಇರುವುದು ಇಲ್ಲೇ. ಲೋಟ ಬಿದ್ದರೂ ಹಿಡಿಯುವಂತಿಲ್ಲ, ಗುಂಡಿ ಸಿಗದಿದ್ದರೂ ಹಾಕುವಂತಿಲ್ಲ. “ನಾನು ಕೈ ಕೊಟ್ರೆ ಆ ಮನೇಲಿ ದಿನಾ ಏನಾಗುತ್ತೆ ಅಂತ ಗೊತ್ತೇ ಆಗಲ್ಲ,” ಎನ್ನುತ್ತಾರೆ. ಒಂದು ಮನೆಯಲ್ಲಿ ಅತ್ತೆಯೊಬ್ಬರು, “ಇದೇನು ಹೆಂಗಸೋ ಕಲ್ಲುಗುಂಡೋ!” ಎಂದು ಮುಖಕ್ಕೇ ಬೈದಿದ್ದರಂತೆ. ಎಲ್ಲ ಮುಗಿದ ಮೇಲೆ ಬೆಳಗಿನಕ್ಕ ತೋಳು ಮಡಚಿಕೊಂಡು ಅದೇ ಅತ್ತೆಯ ಪಾತ್ರೆಗಳನ್ನೆಲ್ಲ ತಿಕ್ಕಿ ಕವುಚಿಟ್ಟು ಬಂದರು. “ಅಷ್ಟು ಹೊತ್ತು ಕಟ್ಟಿ ಹಾಕಿದ ಕೈ ನೋಡಿ, ಏನಾದ್ರೂ ಮಾಡ್ದೇ ಬಿಡಲ್ಲ.”

ನೋಡಲು ಯಾರೋ ಬರುತ್ತಾರೆಂದರೆ ಮನೆಯವರು ಎಲ್ಲವನ್ನೂ ಓರಣ ಮಾಡಿಬಿಡುತ್ತಾರೆ. ಸೊಂಟ ಮುರಿದವರು ನೆಟ್ಟಗೆ ಕೂರುತ್ತಾರೆ, ಕಾಲು ಎಳೆಯುವವರು ಬಾಗಿಲಿನವರೆಗೂ ಬಂದು ಬರಮಾಡಿಕೊಳ್ಳುತ್ತಾರೆ. “ನೋವು ಜಾಸ್ತಿ ಅಂತ ನಾಟಕ ಆಡೋರು ಇದಾರೆ, ಇಲ್ಲ ಅಂತಲ್ಲ. ನಾನು ಕಂಡಿದ್ದು ಒಬ್ರನ್ನೋ ಇಬ್ರನ್ನೋ. ಚೆನ್ನಾಗಿದೀನಿ ಅಂತ ನಾಟಕ ಆಡೋರೇ ಎಲ್ರೂ!”

*

ಕಚೇರಿಯ ಕತೆ ಶುರುವಾಗುವುದೂ ಇದೇ ಮಾತಿನಿಂದ.

ಬೆಳಗಿನಕ್ಕನ ಅಣ್ಣ ಗೋದಾಮಿನಲ್ಲಿ ಹಮಾಲಿ. ಅಟ್ಟಿ ಹಾಕಿದ್ದ ಮೂಟೆಗಳು ಬೆನ್ನ ಮೇಲೆ ಉರುಳಿದವು. ಆಗಷ್ಟೇ ವಕೀಲಿ ಶುರು ಮಾಡಿದ್ದ, ಬೀಗದ ಅಂಗಡಿಯೊಂದರ ಹಿಂದೆ ಒಂದೇ ಕೋಣೆ ಹಿಡಿದಿದ್ದ ಹೆಣ್ಣುಮಗಳೊಬ್ಬರು ಅವನ ಮೊಕದ್ದಮೆ ಕೈಗೆತ್ತಿಕೊಂಡರು. ಅವರಿಗೆ ಅದೇ ಮೊದಲನೆಯದು. ಎಕ್ಸ್‌-ರೇ, ಸಾಕ್ಷಿ, ಕಾನೂನು ಎಲ್ಲ ಸರಿಯಾಗಿತ್ತು. ವಿಚಾರಣೆಯ ದಿನ ಎದುರು ಕಡೆಯ ವಕೀಲರು ಎದ್ದು, ನೆಂಟರ ಹಾಗೆ ನಕ್ಕು, “ಏನಣ್ಣ, ಚೆನ್ನಾಗಿದೀರಾ?” ಎಂದರು. ಅಣ್ಣ ಎರಡೂ ಕೈ ಜೋಡಿಸಿ, “ಚೆನ್ನಾಗಿದೀನಿ ಸಾರ್,” ಎಂದ.

ಆ ಉತ್ತರ ಹಾಗೆಯೇ ದಾಖಲಾಯಿತು. ಮೊಕದ್ದಮೆ ಬಿದ್ದುಹೋಯಿತು.

ಮರುದಿನ ನಸುಕಿನಲ್ಲೇ ಆ ವಕೀಲೆ ಕ್ಷಮೆ ಕೇಳಲು ಮನೆಗೆ ಬಂದರು. ಅಣ್ಣ ಹಾಸಿಗೆಯಿಂದ ಏಳುವ ಹೊತ್ತು. ತಂಗಿ ಬೆನ್ನಿಗೆ ದಿಂಬು ಕೊಟ್ಟು, ಮೊಣಕೈಗೆ ತನ್ನ ಹೆಗಲು ಕೊಟ್ಟು, ಮಧ್ಯೆ ನಿಲ್ಲಿಸಿ ಉಸಿರು ಬಿಡಿಸಿ, ಮತ್ತೆ ಎತ್ತುತ್ತಿದ್ದರು. ವಕೀಲೆ ಬಾಗಿಲಲ್ಲೇ ನಿಂತುಬಿಟ್ಟರು. “ನಾನು ಅವ್ರನ್ನ ಕೇಳಿದ್ದೆಲ್ಲ ಮೂಟೆ ಬಿದ್ದ ದಿನದ ಬಗ್ಗೆ. ದಿನಾ ಬೆಳಿಗ್ಗೆ ಏನಾಗುತ್ತೆ ಅಂತ ಕೇಳಲೇ ಇಲ್ಲ,” ಎಂದರು. ಆಮೇಲೆ ತಂಗಿಯ ಕಡೆ ತಿರುಗಿ, “ನನ್ನ ಜೊತೆ ಕೆಲಸಕ್ಕೆ ಬರ್ತೀಯೇನಮ್ಮಾ?”

ಈಗ ಆ ವಕೀಲೆಗೆ ತಲೆ ನರೆತಿದೆ. ಎಲ್ಲರೂ ‘ಮೇಡಂ’ ಎನ್ನುತ್ತಾರೆ. ಕಚೇರಿ ಬೀಗದ ಅಂಗಡಿಯ ಹಿಂದಿನಿಂದ ದೊಡ್ಡ ರಸ್ತೆಗೆ ಬಂದಿದೆ, ಆದರೂ ನೆಲಮಹಡಿ ಬಿಟ್ಟು ಮೇಲೆ ಹತ್ತಿಲ್ಲ. ಮೆಟ್ಟಿಲಿಗೆ ಬದಲು ಇಳಿಜಾರು. ಆಳವಾದ ಸೋಫಾ ಒಂದೂ ಇಲ್ಲ, ಕೂತವರು ಏಳಲಾರರು ಎಂದು. ಒಳಗೆ ಬಂದವರನ್ನು ಯಾರೂ “ಚೆನ್ನಾಗಿದ್ದೀರಾ?” ಎಂದು ಕೇಳುವುದಿಲ್ಲ. “ಬನ್ನಿ, ನಿಮಗೆ ಯಾವ ಕುರ್ಚಿ ಆಗುತ್ತೆ?” ಎನ್ನುತ್ತಾರೆ. ಹೊಸಬರು ಮರೆತು ಹಳೆಯ ಪ್ರಶ್ನೆ ಕೇಳಿಬಿಟ್ಟರೆ ಇಡೀ ಕಚೇರಿ ಕೆಮ್ಮುತ್ತದೆ.

ಇನ್ನೊಂದು ಕಟ್ಟುನಿಟ್ಟು: ಯಾರಿಗೂ ಮಾತು ಹೇಳಿಕೊಡುವಂತಿಲ್ಲ. ಕತ್ತರಿ ಮಾಮನ ಮೊಕದ್ದಮೆ ನಡೆಸುತ್ತಿರುವ ಕಿರಿಯ ವಕೀಲ ಇವತ್ತು ಕಚೇರಿಯಲ್ಲಿ ಕೋಟಿನ ಗುಂಡಿ ತಿರುಚುತ್ತಾ ಅದನ್ನೇ ಬೇಡುತ್ತಿದ್ದಾನೆ.

“ಒಂದೇ ಒಂದು ಮಾತು ಮೇಡಂ. ಚೆನ್ನಾಗಿದೀನಿ ಅನ್ಬೇಡಿ ಅಂತ ಅಷ್ಟೇ. ವ್ಯಾನಿನ ವಿಮೆಯವರು ಸಲೂನಿಗೆ ಗಿರಾಕಿ ವೇಷದಲ್ಲಿ ಆಳು ಕಳಿಸಿದ್ರು. ಇವ್ರು ಅವನಿಗೂ ‘ಫಸ್ಟ್ ಕ್ಲಾಸಾಗಿದೀನಿ’ ಅಂದಿದಾರೆ!”

“ಬೇಡ. ಇವತ್ತು ನಿಜ ಹೇಳ್ಕೊಡ್ತೀಯ, ನಾಳೆ ಇನ್ನೇನೋ ಹೇಳ್ಕೊಡ್ತೀಯ,” ಮೇಡಂ ತಲೆ ಎತ್ತುವುದೂ ಇಲ್ಲ. “ಅವ್ರ ಬಾಯಿ, ಅವ್ರ ಮಾತು. ಅಕ್ಕ, ಬೆಳಿಗ್ಗೆ ಏನು ನೋಡಿದ್ರಿ?”

ಬೆಳಗಿನಕ್ಕ ಅಂಗಿ ಜಾರಿದ್ದನ್ನು ಹೇಳುತ್ತಾರೆ. ಸ್ಟೂಲು, ರೇಜರು, ಚಾಚಿದ ಗದ್ದ. ಕಿರಿಯ ವಕೀಲನ ಕೈ ಗುಂಡಿಯ ಮೇಲೆ ನಿಲ್ಲುತ್ತದೆ.

*

ಕೋರ್ಟಿನ ಹಾಲ್‌ನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಹಿಂದಿನ ಬೆಂಚಿನಲ್ಲಿ ಬೆಳಗಿನಕ್ಕ, ಅವರಿಗೆ ಅಂಟಿಕೊಂಡು ಮಾಮನ ಹೆಂಡತಿ. ಕತ್ತರಿ ಮಾಮ ಕಟಕಟೆಯಲ್ಲಿ ನೀಟಾಗಿ ನಿಂತಿದ್ದಾರೆ, ಸಲೂನಿನ ಬಾಗಿಲಲ್ಲಿ ಗಿರಾಕಿಗೆ ಕಾದು ನಿಲ್ಲುವ ಹಾಗೆ.

ವಿಮಾ ಕಂಪನಿಯ ವಕೀಲರು ಏಳುತ್ತಾರೆ. ಕಾಗದ ಪಕ್ಕಕ್ಕಿಟ್ಟು, ಹಳೆಯ ಗೆಳೆಯನನ್ನು ಕಂಡವರಂತೆ ನಗುತ್ತಾರೆ.

“ನಮಸ್ಕಾರ ಮಾಸ್ಟ್ರೇ. ಹೇಗಿದೀರಿ? ಚೆನ್ನಾಗಿದೀರಾ?”

ಬೆಳಗಿನಕ್ಕನ ಕೈಗಳು ತೊಡೆಯ ಕೆಳಗೆ ಹೋಗುತ್ತವೆ.

“ಚೆನ್ನಾಗಿದೀನಿ ಸಾರ್! ನೀವು?”

ಹಾಲ್‌ನಲ್ಲಿ ಸಣ್ಣ ನಗು. ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. “ಇಷ್ಟೇ, ನನ್ನ ಪ್ರಶ್ನೆ ಮುಗಿಯಿತು,” ಎಂದು ಕಂಪನಿಯ ವಕೀಲರು ಕೂತೇಬಿಡುತ್ತಾರೆ. ಬೆಳಗಿನಕ್ಕ ಕಣ್ಣು ಮುಚ್ಚಿಕೊಂಡಿದ್ದಾರೆ. ಎಷ್ಟೋ ವರ್ಷದ ಹಿಂದೆ ಇನ್ನೊಂದು ಕಟಕಟೆಯಲ್ಲಿ ಜೋಡಿಸಿದ ಎರಡು ಕೈಗಳು ಅವರಿಗೆ ಕಾಣುತ್ತಿರಬಹುದು.

ಕಿರಿಯ ವಕೀಲ ಎದ್ದು ನಿಲ್ಲುತ್ತಾನೆ.

“ಮಾಸ್ಟ್ರೇ, ಇವತ್ತು ಬೆಳಿಗ್ಗೆ ನಿಮಗೆ ಶೇವ್ ಮಾಡಿದ್ದು ಯಾರು?”

ಮಾಮನ ನಗು ಮುಖದಲ್ಲೇ ಉಳಿಯುತ್ತದೆ, ಆದರೆ ಕಣ್ಣಿನಿಂದ ಹೊರಟುಹೋಗುತ್ತದೆ. ಗೋಡೆ ನೋಡುತ್ತಾರೆ. ತುಟಿಯ ಕೆಳಗಿನ ಗಾಯ ಮುಟ್ಟಿಕೊಳ್ಳುತ್ತಾರೆ. ಹಿಂದಿನ ಬೆಂಚಿನತ್ತ ನೋಡುತ್ತಾರೆ.

“ನನ್ನ ಹೆಂಡ್ತಿ.”

“ಯಾಕೆ?”

“ಕೈ ಮೇಲೆ ಬರಲ್ಲ ಸ್ವಾಮಿ. ಇಲ್ಲಿವರೆಗೆ ಬರುತ್ತೆ.” ಎಡಗೈಯಿಂದ ಎದೆ ತೋರಿಸುತ್ತಾರೆ. “ಇಲ್ಲಿಂದ ಮೇಲೆ ನನ್ನ ಮುಖ ನನಗೇ ಸಿಗಲ್ಲ.”

“ಹಾಗಾದರೆ ಈಗ ಚೆನ್ನಾಗಿದೀನಿ ಅಂದಿರಲ್ಲ?”

“ಅದು ಮರ್ಯಾದೆಗೆ ಅಂದಿದ್ದು. ಅವ್ರು ಕೇಳಿದ್ರು, ನಾನು ಹೇಳಿದೆ. ಸಲೂನಲ್ಲೂ ಅಷ್ಟೇ. ಗಿರಾಕಿ ಹೇಗಿದೀರಿ ಅಂದಾಗ ಹೆಗಲು ಕಿತ್ತು ಬರ್ತಿದೆ ಅಂತ ಹೇಳಕ್ಕಾಗುತ್ತಾ? ಕತ್ತರಿ ನನ್ನ ಕೈಲಿ, ಕಿವಿ ಅವ್ರದ್ದು! ಎದ್ದು ಓಡ್ತಾರೆ!”

ಈಗ ಹಾಲ್‌ಗೆ ಹಾಲೇ ನಗುತ್ತದೆ. ನ್ಯಾಯಾಧೀಶೆಯೂ ನಗುತ್ತಾರೆ. ಕಂಪನಿಯ ವಕೀಲರ ಕೈಯೂ ಅರಿವಿಲ್ಲದೆ ಕಿವಿಗೆ ಹೋಗುತ್ತದೆ. ನಗು ಇಳಿದ ಮೇಲೆ ನ್ಯಾಯಾಧೀಶೆ ಕನ್ನಡಕ ತೆಗೆದಿಟ್ಟು ತಾವೇ ಕೇಳುತ್ತಾರೆ: “ಇಲ್ಲಿ ಯಾರೂ ಓಡುವುದಿಲ್ಲ. ಈಗ ಹೇಳಿ, ಹೇಗಿದ್ದೀರಿ?”

ಕತ್ತರಿ ಮಾಮ ಬಾಯಿ ತೆರೆಯುತ್ತಾರೆ. ಒಂದು ಜೋಕು ನಾಲಿಗೆಯ ತುದಿಗೆ ಬಂದದ್ದು ಎಲ್ಲರಿಗೂ ಕಾಣುತ್ತದೆ, ವಾಪಸು ಹೋದದ್ದೂ ಕಾಣುತ್ತದೆ.

“ಚೆನ್ನಾಗಿಲ್ಲಮ್ಮಾ,” ಎನ್ನುತ್ತಾರೆ. ಅಷ್ಟು ಮೆಲ್ಲಗೆ, ಟೈಪು ಮಾಡುವವರು ಮತ್ತೆ ಹೇಳಿಸುತ್ತಾರೆ. “ಚೆನ್ನಾಗಿಲ್ಲ. ಎರಡು ವರ್ಷ ಆಯ್ತು, ಚೆನ್ನಾಗಿಲ್ಲ.”

ಹೆಂಡತಿ ಬೆಳಗಿನಕ್ಕನ ಹೆಗಲಿಗೆ ಮುಖ ಒತ್ತಿಕೊಳ್ಳುತ್ತಾರೆ. “ನಂಗೂ ಹೇಳಿರ್ಲಿಲ್ಲ ಅಕ್ಕಾ. ನಂಗೂ ಯಾವತ್ತೂ ಹೇಳಿರ್ಲಿಲ್ಲ.” ಬೆಳಗಿನಕ್ಕನ ಕೈ ಕೊನೆಗೂ ತೊಡೆಯಡಿಯಿಂದ ಹೊರಗೆ ಬಂದು ಅವರ ಬೆನ್ನ ಮೇಲೆ ಕೂರುತ್ತದೆ.

*

ಊಟದ ಬಿಡುವಿನಲ್ಲಿ ಕಂಪನಿಯ ವಕೀಲರು ಮೇಡಂ ಅವರನ್ನು ಹುಡುಕಿಕೊಂಡು ಬರುತ್ತಾರೆ. ಇಬ್ಬರೂ ಕಿಟಕಿಯ ಹತ್ತಿರ ನಿಂತು ರಾಜಿಯ ಮಾತಾಡುತ್ತಾರೆ. ಕಿರಿಯ ವಕೀಲ ಕಂಬದ ಹಿಂದಿನಿಂದ ಇಣುಕಿ ಇಣುಕಿ ನೋಡುತ್ತಾನೆ. ಮೇಡಂ ತಿರುಗಿ ತಲೆಯಾಡಿಸಿದ್ದೇ ತಡ, ಕರಿಕೋಟು ಹಾರಾಡಿಸಿಕೊಂಡು ಓಡಿಬರುತ್ತಾನೆ. “ಒಪ್ಪಿದ್ರು! ಕೇಳಿದ್ದೆಲ್ಲ ಒಪ್ಪಿದ್ರು ಮಾಮ! ಸಲೂನು ಉಳೀತು!” ಇಂಥ ಕಡೆ ಕೂಗಬಾರದೆಂದು ಜವಾನ ಗದರಿಸುತ್ತಾನೆ. ಆಮೇಲೆ ಸಂಗತಿ ತಿಳಿದು, ತನ್ನ ತಲೆ ಸವರಿಕೊಳ್ಳುತ್ತಾ ಸಲೂನು ಎಲ್ಲಿ ಬರುತ್ತದೆಂದು ವಿಚಾರಿಸುತ್ತಾನೆ.

“ಇನ್ನು ಒಳ್ಳೇ ಕೆಲಸಗಾರನ್ನ ಇಟ್ಕೊಳ್ಳಿ,” ಹೆಂಡತಿ ಕಣ್ಣೊರೆಸಿಕೊಂಡು ಹೇಳುತ್ತಾರೆ. “ನಿಮ್ಮ ಗದ್ದಾನೂ ಅವನೇ ನೋಡ್ಕೊಳ್ಳಲಿ.”

“ಬೇಡ ಕಣೇ. ನಿನ್ನ ಕೈ ಈಗೀಗ ಪಳಗ್ತಿದೆ. ಇಷ್ಟು ರಕ್ತ ಕೊಟ್ಟು ಕಲಿಸಿದೀನಿ, ಸುಮ್ನೆ ಬಿಡ್ಲಾ?”

ಮೆಟ್ಟಿಲ ಮೇಲೆ ಬೆಳಗಿನಕ್ಕ ಒಂದು ಕ್ಷಣ ನಿಂತು ಉಸಿರು ಬಿಡುತ್ತಾರೆ. “ನಮ್ಮಣ್ಣ ಈಗಿಲ್ಲ. ಇದ್ದಿದ್ರೆ ಇವತ್ತು ಕರ್ಕೊಂಡ್ ಬಂದು ಹಿಂದಿನ ಬೆಂಚಲ್ಲಿ ಕೂರಿಸ್ತಿದ್ದೆ,” ಎನ್ನುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ ನಾಚಿಕೊಳ್ಳುತ್ತಾರೆ. ಎಷ್ಟೋ ಮನೆಗಳ ಬೆಳಗು ಕಂಡಿದ್ದಾರೆ, ಎಲ್ಲೂ ನೆಂಟರಾಗಿ ಹೋಗಿಲ್ಲ. “ಒಂದಿನ ಯಾರ ಮನೇಗಾದ್ರೂ ಹೋಗಿ, ಏನೂ ಗಮನಿಸ್ದೆ, ತಿಂಡಿ ತಿಂದು, ಹರಟೆ ಹೊಡ್ದು ಬರ್ಬೇಕು.”

“ನಾಳೆನೇ ಬನ್ನಿ! ಬಿಸಿಬಿಸಿ ಮಾಡಿಕೊಡ್ತೀನಿ,” ಮಾಮನ ಹೆಂಡತಿ ಕೈ ಹಿಡಿದುಕೊಳ್ಳುತ್ತಾರೆ.

“ನಾಳೆ ಆಗಲ್ವಲ್ಲಮ್ಮಾ,” ಬೆಳಗಿನಕ್ಕ ಆಗಲೇ ಚೀಲ ಹೆಗಲಿಗೇರಿಸಿ ಮೆಟ್ಟಿಲು ಇಳಿಯುತ್ತಿದ್ದಾರೆ. “ಬಸ್ ಡ್ರೈವರ್ ಒಬ್ರ ಮನೇಗೆ ಹೋಗ್ಬೇಕು. ಮೊಣಕಾಲು ಚೂರಾಗಿದೆ. ಆಗ್ಲೇ ಫೋನ್ ಮಾಡಿ ಹೇಳಿದಾರೆ, ಸುಮ್ನೆ ಬರೋ ತೊಂದ್ರೆ ತಗೋಬೇಡಿ, ತಮಗೇನೂ ಆಗಿಲ್ಲ ಅಂತ!”