ಸಾಣೆಕ್ಕನ ವಿಳಾಸ

ಗಂಡ ಸತ್ತ ಮೇಲೆ ಅವನ ಸಾಣೆಚಕ್ರವನ್ನು ಮಾರಿಬಿಡು ಎಂದು ಎಲ್ಲರೂ ಬುದ್ಧಿ ಹೇಳಿದರು. ಅವಳು ಮಾರಲಿಲ್ಲ. ಚಕ್ರದ ಚೌಕಟ್ಟನ್ನು ಹೆಗಲಿಗೇರಿಸಿಕೊಂಡು "ಕತ್ತರಿ, ಚಾಕು, ಸಾಣೇ" ಎಂದು ಬೀದಿ ಬೀದಿ ಕೂಗುತ್ತ ಹೊರಟಳು. ಮೊದಮೊದಲು ಜನ ನಕ್ಕರು. ದರ್ಜಿಗಳು ಮೂಲೆಗೆ ಬಿದ್ದ ತುಕ್ಕಿನ ಕತ್ತರಿಗಳನ್ನಷ್ಟೇ ಕೊಟ್ಟು ಪರೀಕ್ಷೆ ಮಾಡಿದರು. ವರ್ಷ ಕಳೆಯುವಷ್ಟರಲ್ಲಿ ಒಳ್ಳೆಯ ಕತ್ತರಿಗಳೂ ಅವಳ ಕೈಗೆ ಬಂದವು, ಸಾಣೆಕ್ಕ ಎಂಬ ಹೆಸರೂ ಅಂಟಿಕೊಂಡಿತು.

ರೈಲು ಹಳಿಯ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಅವಳದೂ ಒಂದು. ಬಾಗಿಲಿಗೆ ನಂಬರಿಲ್ಲ, ಬೀದಿಗೆ ಹೆಸರಿಲ್ಲ. ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ್ದನ್ನು ಅವಳು ಕಬ್ಬಿಣದ ಅಂಗಡಿಯ ಯಜಮಾನರ ಹತ್ತಿರ ಇಡುತ್ತಿದ್ದಳು. ದೊಡ್ಡ ಮನುಷ್ಯರು, ಮಾತಿಗೆ ತಪ್ಪುವವರಲ್ಲ. ಆದರೆ ಒಂದು ಬೆಳಗ್ಗೆ ಗಲ್ಲಾದ ಮುಂದೆ ಕೂತವರು ಕೂತಲ್ಲೇ ಹೋಗಿಬಿಟ್ಟರು. ವಾರ ಬಿಟ್ಟು ಹೋಗಿ ಕೇಳಿದಾಗ ಅವರ ಮಗ ಕಕ್ಕಾಬಿಕ್ಕಿಯಾದ.

"ಅಪ್ಪ ನನಗೆ ಏನೂ ಹೇಳಿಲ್ಲ ಅಕ್ಕಾ. ಹೀಗೆ ಬಂದೋರಿಗೆಲ್ಲ ಕೊಡ್ತಾ ಹೋದ್ರೆ ನಾನೇನು ಮಾಡ್ಲಿ?"

ಅವನು ಸುಳ್ಳು ಹೇಳುತ್ತಿಲ್ಲ ಎಂದು ಅವಳಿಗೂ ಅನ್ನಿಸಿತು. ಸತ್ತವರನ್ನು ಸಾಕ್ಷಿಗೆ ಕರೆಯುವುದೆಲ್ಲಿಂದ? ಬರಿಗೈಯಲ್ಲಿ ವಾಪಸು ಬಂದಳು.

ಇನ್ನು ಬ್ಯಾಂಕೇ ಸರಿ ಎಂದು ಹೋದರೆ, ಕಾವಲಿನವನು ಚಕ್ರವನ್ನು ಹೊರಗಿಡಿಸಿದ. ಒಳಗಿದ್ದ ಹುಡುಗಿ ಒರಟಾಗೇನೂ ಮಾತಾಡಲಿಲ್ಲ. ವಿಳಾಸ ಕೇಳಿದಳು. "ಹಳಿ ಪಕ್ಕ, ನೀರಿನ ಟ್ಯಾಂಕಿನಿಂದ ಮೂರನೇ ಶೆಡ್ಡು," ಎಂದಳು ಸಾಣೆಕ್ಕ. ಹುಡುಗಿ ಪಾಪ ಏನೇನೋ ಒತ್ತಿ ನೋಡಿದಳು. "ಕಂಪ್ಯೂಟರ್ ತಗೊಳ್ತಿಲ್ಲಮ್ಮಾ," ಎಂದಳು. ಹೊರಗೆ ಬಂದಾಗ ಚಕ್ರ ಬಿಸಿಲಿಗೆ ಕಾದು ಕೆಂಡವಾಗಿತ್ತು. ಹೆಗಲಿಗೇರಿಸಿದರೆ ಬಟ್ಟೆ ದಾಟಿ ಚರ್ಮಕ್ಕೆ ಚುರುಕ್ ಎಂದಿತು.

ಅದೇ ವಾರ ಅಂಚೆ ಶಾಖೆಯಿಂದ ಕರೆ ಬಂತು, ದಾರ ಕತ್ತರಿಸುವ ಕತ್ತರಿ ಮೊಂಡಾಗಿದೆ ಎಂದು. ಶಾಖೆಯೆಂದರೆ ಒಂದೇ ಕೋಣೆ. ಒಂದು ಮೇಜು, ತಕ್ಕಡಿ, ಅಂಟಿನ ವಾಸನೆ, ಗೋಡೆಗೆ ಒರಗಿಸಿದ ಪೋಸ್ಟ್‌ಮ್ಯಾನ್‌ನ ಸೈಕಲ್ಲು. ಮೇಜಿನ ಹಿಂದೆ ಕೂರುವವಳನ್ನು ಎಲ್ಲರೂ ಪೋಸ್ಟಮ್ಮ ಎನ್ನುತ್ತಿದ್ದರು. ಕತ್ತರಿ ಕೈಗಿಡುವಾಗ ಸಾಣೆಕ್ಕ ಎಲ್ಲವನ್ನೂ ಹೇಳಿಕೊಂಡಳು.

"ಇಲ್ಲೇ ಖಾತೆ ತೆಗಿ. ಕಾಗದ ಇಲ್ದಿದ್ರೆ ನಿನ್ನನ್ನ ಬಲ್ಲೋರು ಯಾರಾದ್ರೂ ಸಾಕ್ಷಿ ಹಾಕ್ಲಿ."

"ನನ್ನನ್ನ ಯಾರು ಬಲ್ಲೋರು, ಪೋಸ್ಟಮ್ಮಾ?"

ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ ಪೋಸ್ಟ್‌ಮ್ಯಾನ್ ತಲೆ ಎತ್ತಿದ. "ನಾನಿಲ್ವಾ? ನಿನ್ನ ತಂಗಿ ಕಾಗದಾನ ನೀರಿನ ಟ್ಯಾಂಕಿನವರೆಗೂ ಯಾವ ದೇವರು ತಂದ್ಕೊಡ್ತಾನೆ ಅಂದ್ಕೊಂಡಿದ್ದೆ?"

ಖಾತೆಗೆಂದು ಪೋಸ್ಟಮ್ಮ ಹೆಸರು ಕೇಳಿದಾಗ ಅವಳು ಒಂದು ಗಳಿಗೆ ತಡವರಿಸಿದಳು. ಗಂಡ ಹೋದಮೇಲೆ ಆ ಹೆಸರಿನಿಂದ ಯಾರೂ ಕರೆದಿರಲಿಲ್ಲ. ಮೆಲ್ಲಗೆ ಹೇಳಿದಾಗ, ಅದನ್ನು ಕಾಗದಗಳ ಮೇಲೆ ಓದಿ ಬಲ್ಲ ಪೋಸ್ಟ್‌ಮ್ಯಾನ್ ನಕ್ಕ. "ಇಷ್ಟು ಚೆಂದದ ಹೆಸರಿಟ್ಕೊಂಡು ಸಾಣೆಕ್ಕ ಅನ್ನಿಸ್ಕೊಳ್ತೀಯಲ್ಲಾ!" ಅವಳಿಗೂ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ಪಕ್ಕದ ಶೆಡ್ಡಿನಲ್ಲಿ ಚಿಂದಿ ಆಯುವ ಅಜ್ಜಿ ಒಬ್ಬಳಿದ್ದಳು. ಹಿಂದಿಲ್ಲ, ಮುಂದಿಲ್ಲ. ದುಡಿದದ್ದನ್ನೆಲ್ಲ ದಿಂಬಿನೊಳಗೆ ಹೊಲಿದಿಟ್ಟಿದ್ದಳು. ಖಾತೆ ತೆಗೆಸೋಣ ಬಾ ಎಂದು ಸಾಣೆಕ್ಕ ಎಷ್ಟೋ ಸಲ ಕರೆದಳು.

"ಹೋಗೇ. ದುಡ್ಡು ನನ್ನ ತಲೆ ಕೆಳಗಿದ್ರೇನೇ ನನಗೆ ನಿದ್ದೆ. ನಿನ್ನ ಪೋಸ್ಟಮ್ಮ ಬಂದು ಜೋಗುಳ ಹಾಡ್ತಾಳಾ?"

ಆ ಬೇಸಿಗೆಯ ಒಂದು ಮಧ್ಯಾಹ್ನ ಯಾವುದೋ ಶೆಡ್ಡಿನ ಸ್ಟೌ ಸಿಡಿಯಿತು. ಚಿಂದಿ, ರಟ್ಟು, ಒಣಗಿದ ಹಲಗೆ. ಬೆಂಕಿಗೆ ಇನ್ನೇನು ಬೇಕು? ಸಾಣೆಕ್ಕ ಓಡಿ ಬರುವಷ್ಟರಲ್ಲಿ ಅಜ್ಜಿ ಹೊರಗೆ ನಿಂತಿದ್ದಳು, ಕೂದಲೆಳೆಯೂ ಕೊಂಕಿರಲಿಲ್ಲ. ಇದ್ದಕ್ಕಿದ್ದಂತೆ ಅವಳು ಶೆಡ್ಡಿನ ಕಡೆ ತಿರುಗಿದಳು.

"ಅಯ್ಯೋ, ದಿಂಬು!"

"ಹಾಳಾಗ್ಲಿ ಬಿಡಜ್ಜೀ!" ಸಾಣೆಕ್ಕ ಅವಳ ಕೈ ಹಿಡಿದಳು. ಕಡ್ಡಿಯಂಥ ಆ ಕೈಗೆ ಅಷ್ಟು ಬಲ ಎಲ್ಲಿಂದ ಬಂತೋ, ಅವಳು ಕೊಸರಿಕೊಂಡು ಒಳಗೆ ನುಗ್ಗಿದಳು. ತಗಡಿನ ಮಾಡು ಕುಸಿದುಬಿತ್ತು. ಅಜ್ಜಿ ಹೊರಗೆ ಬರಲಿಲ್ಲ.

ಮರುದಿನ ಸಾಣೆಕ್ಕ ಮಸಿ ಮೆತ್ತಿದ ಬಟ್ಟೆಯಲ್ಲೇ ಶಾಖೆಯ ಬಾಗಿಲಲ್ಲಿ ನಿಂತಳು. ಒಳಗೆ ಕಾಲಿಡಲು ಧೈರ್ಯ ಬರಲಿಲ್ಲ.

"ಪಾಸ್‌ಬುಕ್ಕೂ ಸುಟ್ಹೋಯ್ತು, ಪೋಸ್ಟಮ್ಮಾ. ನನ್ನದೂ ಹೋದಂಗೇನಾ?"

"ಪುಸ್ತಕ ಸುಟ್ರೆ ದುಡ್ಡು ಸುಡುತ್ತಾ? ಬಾ, ಮೊದ್ಲು ಕೂತ್ಕೋ."

ಅಜ್ಜಿಯನ್ನು ಮಣ್ಣು ಮಾಡಬೇಕು, ಅವಳಿಗೆ ಯಾರೂ ಇಲ್ಲ ಎಂದಳು ಸಾಣೆಕ್ಕ. ಪೋಸ್ಟಮ್ಮ ಆಗಬೇಕಾದ ಕೆಲಸವನ್ನೆಲ್ಲ ಮಾಡಿ ಅವಳ ಖಾತೆಯ ಹಣವನ್ನೇ ತೆಗೆದು ಕೈಗಿಟ್ಟಳು. ಅದನ್ನು ಹಿಡಿದುಕೊಂಡೇ ಸಾಣೆಕ್ಕ ಬಿಕ್ಕಿದಳು. "ಇದೇ ಮೇಜಿನ ಮುಂದೆ ಅವಳೂ ಕೂರ್ಬೇಕಿತ್ತು. ಕೈಕಾಲು ಕಟ್ಟಿಯಾದ್ರೂ ತರ್ಬೇಕಿತ್ತು ನಾನು." ಪೋಸ್ಟಮ್ಮ ನೀರಿನ ಲೋಟವನ್ನು ಅವಳ ಕಡೆ ಸರಿಸಿದಳು.

ಮಣ್ಣು ಮಾಡಿ ಬಂದ ಮೇಲೆ ಶೆಡ್ಡಿನ ಜನ ಸಾಣೆಕ್ಕನ ಹಿಂದೆ ಒಬ್ಬೊಬ್ಬರಾಗಿ ಶಾಖೆಗೆ ಬರತೊಡಗಿದರು. ಗಾಡಿ ತಳ್ಳುವವನು ಬಂದ, ಪಾತ್ರೆ ತೊಳೆಯುವ ಅಕ್ಕತಂಗಿಯರು ಬಂದರು. ಶೆಡ್ಡುಗಳೆಲ್ಲ ಸುಟ್ಟುಹೋಗಿದ್ದರಿಂದ ಈಗ ಅವರಿಗೆ ಮೂರನೇ ಶೆಡ್ಡು, ಐದನೇ ಶೆಡ್ಡು ಎಂದು ಹೇಳಿಕೊಳ್ಳುವುದಕ್ಕೂ ಇರಲಿಲ್ಲ. ಪೋಸ್ಟಮ್ಮ ಮೇಲಿನವರಿಗೆ ಬರೆದಳು, ಉತ್ತರ ಬಾರದಿದ್ದಾಗ ಮತ್ತೆ ಬರೆದಳು, ಕೊನೆಗೆ ರಜೆ ಹಾಕಿ ತಾನೇ ಹೋಗಿ ಬಂದಳು. ಮನೆಯಿಲ್ಲದವರ ಕಾಗದಪತ್ರ ಶಾಖೆಯ ವಿಳಾಸಕ್ಕೇ ಬರಲಿ ಎಂದು ಒಪ್ಪಿಗೆ ಸಿಕ್ಕಿತು. ಜನ ಊರಿನ ಮೂಲೆಮೂಲೆಗೆ ಚದುರಿದರು. ಆದರೂ ದುಡಿಮೆಯ ಪುಡಿಗಾಸು ಕಟ್ಟಲು ಅಲ್ಲಿಗೇ ಬರುತ್ತಿದ್ದರು. ಬಂದವರು ಒಬ್ಬರನ್ನೊಬ್ಬರು ಕಂಡು, ಕಷ್ಟಸುಖ ಕೇಳಿ ಹೋಗುತ್ತಿದ್ದರು.

ಸಾಣೆಕ್ಕ ದರ್ಜಿಯೊಬ್ಬರ ಹಿತ್ತಲ ಕೋಣೆಯಲ್ಲಿ ಬಾಡಿಗೆಗಿದ್ದಳು. ಸೋಮವಾರ ಚಕ್ರವನ್ನು ಶಾಖೆಯ ಮುಂದೆಯೇ ಹೂಡುತ್ತಿದ್ದಳು. ಒಂದು ಸೋಮವಾರ ಕಟ್ಟಡದ ಕೆಲಸದ ಹೆಂಗಸೊಬ್ಬಳು ಬಾಗಿಲ ಹತ್ತಿರ ಹಿಂದೆಮುಂದೆ ನೋಡುತ್ತ ನಿಂತಿದ್ದಳು. ಸಾಣೆಕ್ಕ ಅವಳ ಉಳಿ, ಮಚ್ಚುಗಳಿಗೆ ಎಷ್ಟೋ ಸಲ ಸಾಣೆ ಹಿಡಿದಿದ್ದಳು. ಚಕ್ರ ನಿಲ್ಲಿಸಿ ಎದ್ದಳು.

"ಬಾರೇ ಒಳಗೆ."

"ನಾಳೆ ಬರ್ತೀನಿ ಅಕ್ಕಾ. ನನ್ನ ಹತ್ರ ಒಂದು ಕಾಗದಾನೂ ಇಲ್ಲ."

"ನಾಳೆ ಗೀಳೆ ಬೇಡ," ಎಂದು ಸಾಣೆಕ್ಕ ಅವಳ ಮುಂಗೈಯನ್ನು ಬಿಗಿಯಾಗಿ ಹಿಡಿದು ಮೇಜಿನ ತನಕ ಕರೆದುಕೊಂಡು ಹೋದಳು. "ಪೋಸ್ಟಮ್ಮಾ, ಇವಳನ್ನ ನಾನು ಬಲ್ಲೆ. ಎಲ್ಲಿ ಸಹಿ ಹಾಕ್ಲಿ ಹೇಳಿ."